ನಿಮ್ಮ ಹೊಲದ ಕಲ್ಲಿಗೆ ಏನೆಂದು ಹೆಸರು?

ಮೊಳಕಾಲ್ಮುರು ತಾಲ್ಲೂಕಿನ ಸಿದ್ಧಾಪುರದ ಆಸುಪಾಸಿನಲ್ಲಿ ಅಶೋಕನ ಶಾಸನವಿರುವ ಬಂಡೆಗಳು ಮೂರಿವೆ. ಒಂದು ಬ್ರಹ್ಮಗಿರಿಯಲ್ಲಿ. ಇನ್ನೊಂದು ಅಲ್ಲಿಗೆ ಹತ್ತಿರದಲ್ಲೇ, ಸಿದ್ಧಾಪುರದ ಕಡೆ. ಮೂರನೆಯದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಪತ್ತೆ ಮಾಡಿದರು. ಇಷ್ಟು ಪಠ್ಯಪುಸ್ತಕದಲ್ಲಿ ಸಿಗುತ್ತದೆ. ಅಲ್ಲಿ ಸಿಗದ ಸಂಗತಿಯೊಂದಿದೆ. ರೈಸ್ ಬರುವ ಹೊತ್ತಿಗಾಗಲೇ ಆ ಬಂಡೆಗಳಿಗೆ ಊರಿನವರು ಇಟ್ಟ ಹೆಸರುಗಳಿದ್ದವು.

ಬ್ರಹ್ಮಗಿರಿಯ ಬಂಡೆಯನ್ನು ಜನ ಅಕ್ಷರ ಗುಂಡು ಎನ್ನುತ್ತಿದ್ದರು. ಇದನ್ನು ಒಂದು ಗಳಿಗೆ ಯೋಚಿಸಿ ನೋಡಿ. ಬಂಡೆಯ ಮೇಲಿರುವುದು ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಆ ಲಿಪಿಯನ್ನು ಓದುವ ವಿದ್ಯೆ ಎಂದೋ ಮರೆತುಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ ಅದನ್ನು ಮತ್ತೆ ಬಿಡಿಸಿ ಓದಿದ್ದು 1837ರಲ್ಲಿ. (ಬೆಂಗಳೂರಿನಲ್ಲಿ ರೈಸ್ ಹುಟ್ಟಿದ್ದೂ ಅದೇ ವರ್ಷ. ಮೇಷ್ಟ್ರಾಗಿದ್ದಾಗ ಮಕ್ಕಳಿಗೆ ಇಸವಿ ನೆನಪಿಡಿಸಲು ನನಗೆ ಇದು ಬಹಳ ಉಪಯೋಗಕ್ಕೆ ಬಂತು.) ಹೀಗಿದ್ದೂ ಇಲ್ಲಿ ದನ ಕಾಯುವವರಿಗೆ, ಸೌದೆಗೆ ಹೋಗುವವರಿಗೆ ಅವು ಅಕ್ಷರಗಳು ಎಂದು ಗೊತ್ತಿತ್ತು. ಓದಲು ಯಾರಿಗೂ ಬರುತ್ತಿರಲಿಲ್ಲ. ಆದರೆ ಅದು ಬರಿಯ ಗೀಚಲ್ಲ, ಯಾರೋ ಯಾರಿಗೋ ಏನೋ ಹೇಳಿದ್ದಾರೆ ಎಂಬಷ್ಟು ತಿಳಿದಿತ್ತು. ಆ ತಿಳಿವಳಿಕೆ ಅಜ್ಜನಿಂದ ಮೊಮ್ಮಗನಿಗೆ ದಾಟಿದ್ದು ಎರಡು ಪದದ ಹೆಸರಿನಲ್ಲಿ.

ಜಟಿಂಗ ರಾಮೇಶ್ವರದ ಬಂಡೆಯ ಹೆಸರು ಬೇರೆ. ಅದು ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಜಾಗ ಅದು. ಚಪ್ಪರದ ಗೂಟ ನಿಲ್ಲಿಸಲು ಬಂಡೆಯಲ್ಲೇ ಕುಳಿ ತೋಡಿದ್ದರು. ಮೂರು ಶಾಸನಗಳಲ್ಲಿ ಹೆಚ್ಚು ಸವೆದಿರುವುದು ಇದೇ. ನಾನು ಬಳೆಗಾರರನ್ನು ದೂರುತ್ತಿಲ್ಲ. ಮಲಾರ ಹೊತ್ತು ಬೆಟ್ಟ ಹತ್ತಿದವರಿಗೆ ಸಪಾಟಾದ ಬಂಡೆ ಕಂಡರೆ ಬಟ್ಟೆ ಹಾಸುವುದು ಸಹಜ. ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಅಲ್ಲಿ ಕೂತು, ಕೈ ಚಾಚಿ, ಹಸಿರು ಬಳೆ ಇಡಿಸಿಕೊಂಡರೋ. ಅವರು ಕೂತ ಕಲ್ಲಿನಲ್ಲೇ ಒಂದು ರಾಜಾಜ್ಞೆ ಇದೆ ಎಂದು ಹೇಳುವವರು ಯಾರೂ ಇರಲಿಲ್ಲ, ಅಷ್ಟೇ.

ಹೆಸರಿನ ಬಲದಿಂದ ಒಂದು ಕಲ್ಲು ಉಳಿಯಿತು, ಇನ್ನೊಂದು ಸವೆಯಿತು ಎಂದು ನಾನು ವಾದಿಸಲಾರೆ. ಮಳೆ, ಬಿಸಿಲು, ಕಲ್ಲಿನ ಗುಣ, ಎಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೂ ಈ ಎರಡು ಹೆಸರುಗಳು ನನ್ನ ತಲೆಯಿಂದ ಹೋಗುತ್ತಿಲ್ಲ. ನಿಮಗೆ ಈ ಮನವಿ ಬರೆಯಲು ಕೂತಿದ್ದೂ ಅವುಗಳಿಂದಲೇ.

ವಿಷಯ ಇಷ್ಟು. ತಾಲ್ಲೂಕಿನ ಕೆಲವರು ಸೇರಿ ಪರಂಪರೆಯ ಕೆಲಸಕ್ಕೊಂದು ಸಂಘ ಕಟ್ಟಬೇಕೆಂದಿದ್ದೇವೆ. ಜಿಲ್ಲೆಯಲ್ಲಿ ಈ ಕೆಲಸ ಮಾಡುತ್ತಿರುವ ಹಿರಿಯರ ಜೊತೆ ಕೈಜೋಡಿಸಿ, ನಮ್ಮ ಮಟ್ಟಿಗೆ ನಮ್ಮ ಊರುಗಳನ್ನು ನೋಡಿಕೊಳ್ಳುವುದು ಉದ್ದೇಶ. ಶಾಲೆಯ ಜಗಲಿಯಲ್ಲಿ ಎರಡು ಸಲ ಕೂತೆವು. ಎರಡೂ ಸಲ ಚರ್ಚೆ ನಿಂತದ್ದು ಹೆಸರಿನ ಮೇಲೆ. ಒಬ್ಬರು ಪಾಳೆಯಗಾರರ ಹೆಸರು ಹೇಳಿದರು. ಇನ್ನೊಬ್ಬರು ತೀರಿಕೊಂಡ ನಾಯಕರೊಬ್ಬರ ಹೆಸರು ಹೇಳಿದರು. ದಾನಿಯೊಬ್ಬರ ತಂದೆಯ ಹೆಸರಿಟ್ಟರೆ ಐವತ್ತು ಕುರ್ಚಿ ಬರುತ್ತವೆ ಎಂಬ ಸಲಹೆಯೂ ಬಂತು. ಕೊನೆಗೆ ಮಾತಾಡಿದವರು ಮೂಲೆಯಲ್ಲಿ ಕೂತಿದ್ದ ಹಿರಿಯ ನೇಕಾರರು. "ಬೆಟ್ಟದ ಹೆಸರಿಡ್ರಿ ಸಾರ್. ಬೆಟ್ಟಕ್ಕೆ ನೆಂಟರಿಲ್ಲ. ವೇದಿಕೆ ಮೇಲೆ ನನಗೊಂದು ಕುರ್ಚಿ ಹಾಕಿ ಅಂತ ಯಾರೂ ಬರಲ್ಲ" ಎಂದರು. ಎಲ್ಲರೂ ನಕ್ಕರು. ನಕ್ಕ ಮೇಲೆ ಬೇರೆ ಹೆಸರು ಯಾರಿಗೂ ಹೊಳೆಯಲಿಲ್ಲ.

ಬೆಟ್ಟದ ಹೆಸರು ಎಂದರೆ ಇಲ್ಲಿ ಬ್ರಹ್ಮಗಿರಿ. ಬೆಟ್ಟದ ಹೆಸರಿನಿಂದ ನಡೆಯುವ ವ್ಯವಹಾರ ಈ ಸೀಮೆಗೆ ಹೊಸದೂ ಅಲ್ಲ. ಅಶೋಕನ ಆಜ್ಞೆ ಇಲ್ಲಿಗೆ ಬಂದದ್ದು ಸುವರ್ಣಗಿರಿಯಿಂದ ಎಂದು ಶಾಸನವೇ ಹೇಳುತ್ತದೆ. ಅಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಆಜ್ಞೆ ಕಳಿಸಿದ್ದಾರೆ. ಸುವರ್ಣಗಿರಿ ಎಂದರೆ ಚಿನ್ನದ ಬೆಟ್ಟ. ಇಸಿಲವೋ, ಬ್ರಹ್ಮಗಿರಿಯ ಮಗ್ಗುಲಲ್ಲಿದ್ದ ನಮ್ಮದೇ ಊರು. ಒಂದು ಬೆಟ್ಟದವರು ಇನ್ನೊಂದು ಬೆಟ್ಟದವರಿಗೆ ಬರೆದ ಕಾಗದ ಎನ್ನಿ. ಕೊಪ್ಪಳದಲ್ಲಿ 1931ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವೂ ಹೀಗೆಯೇ ಬಂಡೆಯ ಆಕಾರದಿಂದ ಪಾಲ್ಕಿಗುಂಡು ಎಂದು ಹೆಸರಾಗಿದೆ. ನಮ್ಮ ಜನ ಕಲ್ಲನ್ನು ಕಂಡರೆ ಸುಮ್ಮನೆ ಬಿಟ್ಟವರಲ್ಲ, ಅದಕ್ಕೊಂದು ಹೆಸರು ಕೊಟ್ಟೇ ಮುಂದೆ ಹೋದವರು.

ನುಂಕೆಮಲೆಯ ಕಡೆಯವರು ಮುನಿಸಿಕೊಳ್ಳಬಾರದು. ನಿಮ್ಮ ಬೆಟ್ಟ ನಮಗೆ ಕಡಿಮೆಯದಲ್ಲ. ಬ್ರಹ್ಮಗಿರಿಯನ್ನು ಆರಿಸಿದ್ದಕ್ಕೆ ಕಾರಣ ಅಲ್ಲಿನ ಮಣ್ಣಿನ ಪದರಗಳು. ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಮೊದಲು ಅಲ್ಲಿ ಅಗೆಸಿ ನೋಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಅದಕ್ಕೆ ಎರಡು ವರ್ಷ ಮೊದಲು ಪುದುಚೇರಿಯ ಹತ್ತಿರ ಅರಿಕಮೇಡಿನಲ್ಲಿ ಅವರು ರೋಮ್ ಜೊತೆ ವ್ಯಾಪಾರ ನಡೆದ ಕಾಲದ ಮಡಕೆ ಚೂರುಗಳಿಗೆ ಕಾಲ ಗೊತ್ತುಮಾಡಿದ್ದರು. ಅದೇ ಬಗೆಯ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ಸಿಕ್ಕಿತು. ಆ ಚೂರನ್ನು ಹಿಡಿದು ಕೆಳಗಿಳಿದರು. ಅದರಡಿಯಲ್ಲಿ ಕಬ್ಬಿಣ ಬಳಸಿದ, ಚಪ್ಪಡಿ ಗೋರಿ ಕಟ್ಟಿದ ಜನ. ಅವರಡಿಯಲ್ಲಿ ಕಲ್ಲಿನ ಕೊಡಲಿ ಹಿಡಿದ ಜನ. ದಕ್ಷಿಣ ಭಾರತದ ಪ್ರಾಚೀನ ಕಾಲಕ್ಕೆ ಒಂದು ಏಣಿ ಸಿಕ್ಕಿದ್ದು ಹೀಗೆ, ನಮ್ಮ ಶೇಂಗಾ ಹೊಲಗಳ ಪಕ್ಕದಲ್ಲಿ. ಕೊಡಲಿಯ ಕಾಲದವರು ತೀರಿಕೊಂಡ ಎಳೆಕೂಸುಗಳನ್ನು ಮಡಕೆಯಲ್ಲಿಟ್ಟು ವಾಸದ ನೆಲದಲ್ಲೇ ಹೂಳುತ್ತಿದ್ದರು. ಮಗುವನ್ನು ಊರಾಚೆ ಒಂಟಿಯಾಗಿ ಬಿಡಲು ಮನಸ್ಸು ಬಂದಿರಲಾರದು ಎಂದು ನನಗನ್ನಿಸುತ್ತದೆ. ವಿದ್ವಾಂಸರು ಬೇರೆ ಏನಾದರೂ ಹೇಳಬಹುದು.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ನಾನು ಕೆಲಸ ಮಾಡುತ್ತಿದ್ದ ಒಂದು ಊರಿನ ಕೆರೆ ಏರಿಯ ಕೆಳಗೆ ವೀರಗಲ್ಲೊಂದಿತ್ತು. ಎದೆಮಟ್ಟದ ಕಲ್ಲು, ಮೂರು ಅಂಕಣ. ಕೆಳಗೆ ಬಿಲ್ಲು ಹಿಡಿದ ವೀರ ಮತ್ತು ಎರಡು ಹಸು. ನಡುವೆ ಅವನನ್ನು ಎರಡೂ ಕಡೆಯಿಂದ ಹಿಡಿದು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ. ಹಸುಗಳಲ್ಲಿ ಒಂದು ತಲೆ ತಿರುಗಿಸಿ ವೀರನನ್ನೇ ನೋಡುತ್ತಿತ್ತು. ಕೆತ್ತಿದವನಿಗೆ ದನದ ಸ್ವಭಾವ ಗೊತ್ತಿತ್ತು. ಹೆಂಗಸರು ಅದರ ಅಂಚಿಗೆ ಬಟ್ಟೆ ಬಡಿಯುತ್ತಿದ್ದರು, ಹುಡುಗರು ಕುಡುಗೋಲು ಮಸೆಯುತ್ತಿದ್ದರು. ದಿನಾ ಸೈಕಲ್ಲಿನಲ್ಲಿ ಅದರ ಮುಂದೆಯೇ ಹೋಗುತ್ತಿದ್ದೆ. ಒಂದು ದಿನ ಫೋಟೊ ತೆಗೆಸಬೇಕು, ಮಕ್ಕಳಿಗೆ ತೋರಿಸಬೇಕು ಎಂದುಕೊಳ್ಳುತ್ತಿದ್ದೆ. ಬೇಸಿಗೆ ರಜೆ ಮುಗಿಸಿ ಬಂದಾಗ ಏರಿ ರಸ್ತೆ ಅಗಲವಾಗಿತ್ತು. ಕಲ್ಲು ಇರಲಿಲ್ಲ. ಸಂಬಂಧಪಟ್ಟ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ, "ಯಾವ ಕಲ್ಲು ಸಾರ್?" ಎಂದರು.

ನನ್ನ ಬಳಿ ಉತ್ತರ ಇರಲಿಲ್ಲ. ಫೋಟೊ ಇಲ್ಲ, ಅಳತೆ ಇಲ್ಲ, ಸರ್ವೆ ನಂಬರ್ ಇಲ್ಲ. ಊರಿನವರು ಅದಕ್ಕೆ ಏನೆನ್ನುತ್ತಿದ್ದರು ಎಂದು ಕೇಳಿಯೂ ಇರಲಿಲ್ಲ. "ಅದೇ ಸಾರ್, ಆ ಕಲ್ಲು" ಎಂದೆ. ಅವರೇನು ಮಾಡಿಯಾರು? ಯಂತ್ರ ಓಡಿಸಿದ ಹುಡುಗನದಾದರೂ ಏನು ತಪ್ಪು? ಅವನ ಮಟ್ಟಿಗೆ ಅದು ಮಣ್ಣಿನಲ್ಲಿದ್ದ ನೂರು ಕಲ್ಲುಗಳಲ್ಲಿ ಒಂದು. ಅದನ್ನು ಬೇರೆ ಮಾಡಿ ಹೇಳಬೇಕಾಗಿದ್ದವನು ನಾನು.

ಆದ್ದರಿಂದ ಓದುಗರೇ, ನಿಮ್ಮಲ್ಲಿ ನಮ್ಮ ಮೊದಲ ಕೋರಿಕೆ ಬಹಳ ಸಣ್ಣದು. ಹಣ ಬೇಡ. ಕುರ್ಚಿಯೂ ಸದ್ಯಕ್ಕೆ ಬೇಡ. ನಿಮ್ಮ ಹೊಲದ, ಹಟ್ಟಿಯ, ಕೆರೆಯ ಕಲ್ಲುಗಳಿಗೆ ಏನೆಂದು ಹೆಸರು, ದಯವಿಟ್ಟು ಬರೆದುಕೊಡಿ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಅಲ್ಲಿಂದಲೇ ಶುರು ಮಾಡಿ. ರಾತ್ರಿ ಊಟವಾದ ಮೇಲೆ ಹತ್ತಿರ ಕೂತು ಕೇಳಿ. ಆ ದಿಬ್ಬಕ್ಕೆ ಏನಂತಿದ್ರಿ? ಆ ಹೊಂಡಕ್ಕೆ? ಆ ಒಂಟಿ ಗುಂಡಿಗೆ? ಮೊದಲು "ಅದ್ಯಾಕೆ ಬಿಡಪ್ಪ" ಎನ್ನುತ್ತಾರೆ. ಎರಡನೇ ಹೆಸರಿಗೆ ಕಣ್ಣು ಅರಳುತ್ತದೆ. ಹೆಸರು ತೆಲುಗಿನಲ್ಲಿ ಬಂದರೆ ತೆಲುಗಿನಲ್ಲೇ ಬರೆದುಕೊಳ್ಳಿ. ಗಡಿ ತಾಲ್ಲೂಕು ನಮ್ಮದು, ಒಂದೇ ಕಲ್ಲಿಗೆ ಎರಡು ಭಾಷೆಯಲ್ಲಿ ಹೆಸರಿರಬಹುದು. ಸಿದ್ಧಾಪುರದ ಶಾಸನದ ಬಂಡೆಗಳಿಗೂ ಎಮ್ಮೆಯ ನಂಟಿನ ಹೆಸರೊಂದು ರೈಸ್ ಕಾಲದಲ್ಲಿ ದಾಖಲಾಗಿದೆ. ಇಂಥ ಹೆಸರನ್ನು ಸರಿಪಡಿಸಲು ಹೋಗಬೇಡಿ. ಸಂಸ್ಕೃತದ ಉಡುಪು ತೊಡಿಸುವುದೂ ಬೇಡ. ಹೇಳಿದಂತೆ ಬರೆಯಿರಿ.

ನೀವು ಕುರಿ ಕಾಯುವವರಾದರೆ ನಿಮ್ಮ ಮುಂದೆ ನಾವು ವಿದ್ಯಾರ್ಥಿಗಳು. ಬೆಟ್ಟದ ಯಾವ ಸಂದಿಯಲ್ಲಿ ಏನಿದೆ ಎಂಬುದು ನಿಮಗೆ ಗೊತ್ತಿರುವಷ್ಟು ಯಾವ ಇಲಾಖೆಗೂ ಗೊತ್ತಿಲ್ಲ. ನಾಲ್ಕು ಚಪ್ಪಡಿ ನಿಲ್ಲಿಸಿ, ಮೇಲೊಂದು ಮುಚ್ಚಿ, ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದ ಗೂಡುಗಳನ್ನು ನೀವು ಕಂಡಿರಬಹುದು. ಕರ್ನಾಟಕದ ಹಲವು ಕಡೆ ಇವನ್ನು ಮೋರ್ಯರ ಮನೆ ಎನ್ನುತ್ತಾರೆ. ಬಿಸಿಲಿಗೆ ಮರಿ ಕಟ್ಟಲು ಒಳ್ಳೆಯ ಜಾಗ, ಒಪ್ಪುತ್ತೇನೆ. ಎಲ್ಲಿದೆ ಎಂದು ನಮಗೊಮ್ಮೆ ತೋರಿಸಿ.

ನೀವು ಹೊಲ ಉಳುವವರಾದರೆ, ನೇಗಿಲಿಗೋ ಟ್ರ್ಯಾಕ್ಟರಿಗೋ ಎದ್ದ ಕೆತ್ತನೆಯ ಕಲ್ಲನ್ನು ಬದುವಿಗೆ ಎಸೆಯುವ ಮುನ್ನ ಒಂದು ಮಾತು ಹೇಳಿ ಕಳಿಸಿ. ನಿಮ್ಮ ಮನಸ್ಸಿನಲ್ಲಿರುವ ಅಳುಕು ನಮಗೆ ಗೊತ್ತು. ಕಲ್ಲು ತೋರಿಸಿದರೆ ಹೊಲ ಹೋಗುತ್ತದೆ ಎಂಬ ಮಾತು ಊರೂರಲ್ಲಿದೆ. ಹಾಗಿಲ್ಲ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಎಂಬ ನಿಯಮ ಇರುವುದು ನಿಜ. ಆದರೆ ಅದು ಸರ್ಕಾರ ಅಧಿಸೂಚನೆ ಹೊರಡಿಸಿ ಸಂರಕ್ಷಿತ ಎಂದು ಘೋಷಿಸಿದ ಸ್ಮಾರಕಕ್ಕೆ. ಹಾಗೆ ಘೋಷಿಸುವ ಮೊದಲು ಎರಡು ತಿಂಗಳ ನೋಟಿಸ್ ಕೊಟ್ಟು ಆಕ್ಷೇಪಣೆ ಕೇಳಬೇಕೆಂದು 1958ರ ಕಾಯ್ದೆಯೇ ಹೇಳುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರೆ ನಿಮ್ಮ ಪಹಣಿಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಮೊಬೈಲ್ ಹಿಡಿದ ಯುವಕ ಯುವತಿಯರಿಗೆ ಒಂದು ವಿದ್ಯೆ ಹೇಳಿಕೊಡುತ್ತೇನೆ. ಸವೆದ ಶಾಸನದ ಎದುರು ಮಧ್ಯಾಹ್ನ ನಿಂತರೆ ಏನೂ ಕಾಣುವುದಿಲ್ಲ. ಮುಸ್ಸಂಜೆಗೆ ಹೋಗಿ. ಟಾರ್ಚನ್ನು ಕಲ್ಲಿನ ಮುಖಕ್ಕೆ ಹಿಡಿಯಬೇಡಿ. ಪಕ್ಕದಲ್ಲಿ, ಕಲ್ಲಿಗೆ ತಾಗಿದಂತೆ, ಓರೆಯಾಗಿ ಹಿಡಿಯಿರಿ. ಅಕ್ಷರದ ಗೀರುಗಳಲ್ಲಿ ನೆರಳು ತುಂಬುತ್ತದೆ. ಹಗಲು ಬೋಳಾಗಿದ್ದ ಬಂಡೆಯಲ್ಲಿ ಒಂದು "ಸ್ವಸ್ತಿಶ್ರೀ" ನಿಧಾನಕ್ಕೆ ಎದ್ದು ಬರುವುದನ್ನು ಒಮ್ಮೆ ನೋಡಿದರೆ ಮತ್ತೆ ಸುಮ್ಮನಿರಲಾರಿರಿ. ನಾನು ಕಂಡಂತೆ, ಪರೀಕ್ಷೆಗೆ ಬೇಜಾರು ಮಾಡಿಕೊಳ್ಳುತ್ತಿದ್ದ ಹುಡುಗರೇ ಇದಕ್ಕೆ ಮೊದಲು ಓಡಿಬರುತ್ತಾರೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಇದ್ದಿಲು ಬಳಿಯುವುದು ಬೇಡ. ಉಜ್ಜು ಕಾಗದವಂತೂ ಬೇಡವೇ ಬೇಡ. ಕಲ್ಲಿನ ಪಕ್ಕ ಒಂದು ಸ್ಕೇಲು ಇಟ್ಟು ಫೋಟೊ ತೆಗೆದರೆ ಸಾಕು.

ಇನ್ನೊಂದು ವಿನಂತಿ. ಆ ಫೋಟೊವನ್ನು ಜಾಗದ ವಿವರದೊಡನೆ ಎಲ್ಲರಿಗೂ ಹಂಚಬೇಡಿ. ನಿಧಿ ಹುಡುಕುವವರ ಕಾಟ ನಿಮಗೆ ಗೊತ್ತೇ ಇದೆ. ಅಮಾವಾಸ್ಯೆ ಕಳೆದ ಬೆಳಿಗ್ಗೆ ಬಸವಣ್ಣನ ಮೂರ್ತಿಯ ಹೊಟ್ಟೆ ಒಡೆದಿರುವುದು, ಗುಡಿಯ ನೆಲ ಅಗೆದಿರುವುದು, ನಿಂಬೆಹಣ್ಣು ಬಿದ್ದಿರುವುದು ನಮ್ಮ ಸೀಮೆಯಲ್ಲಿ ಹೊಸ ಸುದ್ದಿಯಲ್ಲ. ಚಿನ್ನ ಸಿಕ್ಕಿತೋ ಇಲ್ಲವೋ, ಕಲ್ಲು ಮಾತ್ರ ಹೋಯಿತು. ಸಂರಕ್ಷಿತ ಸ್ಮಾರಕವನ್ನು ಹಾಳುಗೆಡವಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಆದರೆ ರಾತ್ರಿ ಬೆಟ್ಟದಲ್ಲಿ ದೀಪ ಕಂಡವರು ಬಾಯಿ ಬಿಟ್ಟರೆ ತಾನೆ ಕಾನೂನಿಗೆ ಕಾಲು ಬರುವುದು? ನೀವೇ ಎದುರು ಹೋಗಬೇಡಿ, ಅದು ಅಪಾಯ. ಪೊಲೀಸರಿಗೆ ತಿಳಿಸಿ.

ಅರ್ಚಕರಲ್ಲಿ, ಗುಡಿಯ ಸಮಿತಿಯವರಲ್ಲಿ ಕೈಮುಗಿದು ಕೇಳುವುದೊಂದಿದೆ. ಶಾಸನದ ಕಲ್ಲಿಗೆ ಎಣ್ಣೆ, ಕುಂಕುಮ ಹಚ್ಚುವುದು ಭಕ್ತಿಯಿಂದ ಎಂಬುದನ್ನು ನಾವು ಬಲ್ಲೆವು. ಆ ಭಕ್ತಿಯೇ ಎಷ್ಟೋ ಕಲ್ಲನ್ನು ಕಾಪಾಡಿದೆ. ಆದರೆ ಜೀರ್ಣೋದ್ಧಾರದ ಹೊತ್ತಿನಲ್ಲಿ ಬಳಿಯುವ ಆಯಿಲ್ ಪೇಂಟು ಅಕ್ಷರವನ್ನು ಮುಚ್ಚಿಬಿಡುತ್ತದೆ. ಅದನ್ನು ತೆಗೆಯಲು ಮರಳಿನ ಗಾಳಿ ಹೊಡೆಸಿದರೆ ಅಕ್ಷರವೇ ಹಾರಿಹೋಗುತ್ತದೆ. ಹೂವನ್ನು ಕಲ್ಲಿನ ಮುಂದೆ ಇಡೋಣ. ಸುಣ್ಣ ಬಳಿಯುವ ದಿನ ಒಂದು ಫೋನ್ ಮಾಡಿ, ಯಾವ ಕಲ್ಲು ಬಿಡಬೇಕು ಎಂದು ನಾವೇ ಬಂದು ನಿಮ್ಮ ಜೊತೆ ನೋಡುತ್ತೇವೆ.

ಜಟಿಂಗ ರಾಮೇಶ್ವರದ ಜಾತ್ರೆಗೂ ಒಂದು ಯೋಚನೆ ಇದೆ. ಬೆಟ್ಟಕ್ಕೆ ಬರುವವರಿಗೆ ಜಟಾಯುವಿನ ಕತೆ ಗೊತ್ತು. ರಾವಣನನ್ನು ತಡೆದ ಹಕ್ಕಿ ಬಿದ್ದ ಜಾಗ ಎಂದು ಕೈಮುಗಿಯುತ್ತಾರೆ. ಅವರಿಗೆ ಬಳೆಗಾರರ ಗುಂಡಿನ ಕತೆಯನ್ನೂ ಹೇಳಲು ನಾಲ್ಕು ಜನ ಬೇಕು. ಭಾಷಣ ಬೇಡ, ಬಂದವರಿಗೆ ಎರಡು ನಿಮಿಷದ ಮಾತು ಸಾಕು. ಬಳೆಗಾರರೇ ಒಬ್ಬರು ಈ ಕೆಲಸಕ್ಕೆ ಬಂದರೆ ನಮಗಿಂತ ಚೆನ್ನಾಗಿ ಹೇಳಿಯಾರು. ಆ ಬಂಡೆಯ ಹೆಸರಿನ ಹಕ್ಕುದಾರರು ಅವರು.

ಊರು ಬಿಟ್ಟು ಬೆಂಗಳೂರು, ಬಳ್ಳಾರಿ ಸೇರಿದವರೇ, ನಿಮ್ಮನ್ನೂ ಮರೆತಿಲ್ಲ. ನಿಮ್ಮ ಮದುವೆಯ ಆಲ್ಬಂನಲ್ಲಿ, ಶಾಲೆಯ ಗುಂಪು ಫೋಟೊದಲ್ಲಿ, ಹಿಂದೆ ಎಲ್ಲೋ ಒಂದು ಕಲ್ಲು ನಿಂತಿರಬಹುದು. ಇಂದು ಇಲ್ಲದ ಕಲ್ಲಿಗೆ ಅದೊಂದೇ ಸಾಕ್ಷಿ. ಒಂದು ಪ್ರತಿ ಕಳಿಸಿಕೊಡಿ. ಎರಡು ಹಸುವಿನ ವೀರಗಲ್ಲು ಯಾರ ಫೋಟೊದಲ್ಲಾದರೂ ಇದ್ದರೆ, ನನಗೆ ಮೊದಲು ತಿಳಿಸಿ.

ಕಾನೂನಿನ ಪ್ರಕಾರ ಸಂಘ ನೋಂದಾಯಿಸಲು 7 ಜನ ಸಾಕು. ನಾವು ಅದಕ್ಕಿಂತ ಹೆಚ್ಚಿದ್ದೇವೆ. ಆದರೆ ಈ ಕೆಲಸಕ್ಕೆ ಹಟ್ಟಿಗೊಬ್ಬರು ಬೇಕು. ಓದಿದವರೇ ಆಗಬೇಕೆಂದಿಲ್ಲ. ಬ್ರಹ್ಮಗಿರಿಯ ಶಾಸನದಲ್ಲೇ ಅಂಥದ್ದೊಂದು ಮಾತಿದೆ. ಈ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಚಿಕ್ಕವರೂ ಶ್ರಮಪಟ್ಟರೆ ಪಡೆಯಬಹುದು ಎಂಬುದು ಅದರ ತಾತ್ಪರ್ಯ. ಅಶೋಕ ಹೇಳಿದ್ದು ಸ್ವರ್ಗದ ವಿಚಾರಕ್ಕೆ. ನಾವು ನೋಟ್‌ಬುಕ್ಕಿನ ಮಟ್ಟಿಗೆ ಸಾಲ ತೆಗೆದುಕೊಂಡರೆ ಬೇಸರಪಡಲಾರ.

ಅದೇ ಬಂಡೆಯಲ್ಲಿ ಇನ್ನೊಂದು ವಿಶೇಷ. ರಾಜನನ್ನು ಅಲ್ಲಿ ದೇವಾನಾಂಪ್ರಿಯ ಎಂದಷ್ಟೇ ಕರೆದಿದೆ. ಅಶೋಕ ಎಂಬ ಹೆಸರು ಅದರಲ್ಲಿಲ್ಲ. ದೇವಾನಾಂಪ್ರಿಯನೇ ಅಶೋಕ ಎಂದು ಖಚಿತವಾಗಲು 1915ರಲ್ಲಿ ಮಸ್ಕಿಯ ಶಾಸನ ಸಿಗಬೇಕಾಯಿತು. ಆದರೆ ಬ್ರಹ್ಮಗಿರಿಯಲ್ಲಿ ಬರೆದವನ ಹೆಸರಿದೆ. ಚಪಡ. ತಾನು ಲಿಪಿಕಾರ ಎನ್ನುವ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಓಡುವಂಥದ್ದು. ದೂರದಿಂದ ಬಂದು ನಮ್ಮ ಬಿಸಿಲಿನಲ್ಲಿ ಕೂತು ಕೆಲಸ ಮುಗಿಸಿ, ಕೊನೆಗೆ ತನ್ನ ಕಡೆಯ ಅಕ್ಷರದಲ್ಲಿ ರುಜು ಹಾಕಿದ ಎಂದು ನಾನಂತೂ ನಂಬಿದ್ದೇನೆ. ಹಾಗಾಗಿ ನಮ್ಮ ನೋಟ್‌ಬುಕ್ಕಿನಲ್ಲೂ ಒಂದು ಕಾಲಂ ಇಟ್ಟಿದ್ದೇವೆ. ಕಲ್ಲಿನ ಹೆಸರು, ಊರು, ಸರ್ವೆ ನಂಬರ್ ಆದ ಮೇಲೆ, ಹೇಳಿದವರ ಹೆಸರು. ಅದನ್ನು ದಯವಿಟ್ಟು ಖಾಲಿ ಬಿಡಬೇಡಿ.

ಬರುವ ಭಾನುವಾರ ಮೊದಲ ಸಲ ಎಲ್ಲರೂ ಕೂಡಿ ಬ್ರಹ್ಮಗಿರಿಗೆ ಹೋಗುತ್ತಿದ್ದೇವೆ. ಬೆಳಿಗ್ಗೆ ಆರಕ್ಕೇ ಹೊರಡೋಣ, ಹತ್ತರ ಮೇಲಿನ ಬಿಸಿಲು ನಿಮಗೆ ಗೊತ್ತಲ್ಲ. ಮಕ್ಕಳನ್ನೂ ಕರೆತನ್ನಿ. ಗುಂಪು ಬಿಟ್ಟು ಪೊದೆಯ ಕಡೆ ಹೋಗುವುದು ಬೇಡ, ಕರಡಿ ಓಡಾಡುವ ಸೀಮೆ. ನೀರು, ಟೋಪಿ, ಒಂದು ಪೆನ್ನು ನಿಮ್ಮದು. ರೊಟ್ಟಿ ಎಲ್ಲರೂ ತಂದು ಹಂಚಿಕೊಳ್ಳೋಣ. ಶೇಂಗಾ ಚಟ್ನಿಯನ್ನು ಮಾತ್ರ ನಾನು ನಮ್ಮ ಮನೆಯಿಂದಲೇ ತರುತ್ತೇನೆ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.